ದೊಡ್ಡ ಕುಂಬಳ ಬೇಕೆ? ಕಾಯಿಯ ತೂಕಕ್ಕಿಂತ ಮೊದಲು ಅದರ ಸಂತಾನ ನೋಡಿ

ಕುಮಟಾ ಸಂತೆಯಲ್ಲಾಗಲಿ, ಅಂಕೋಲಾ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಹರಡಿಕೊಂಡು ಕೂತ ತರಕಾರಿ ರಾಶಿಯಲ್ಲಾಗಲಿ, ಒಬ್ಬರಿಂದ ಎತ್ತಲಾಗದಂಥ ಸಿಹಿಗುಂಬಳ ಕಂಡರೆ ನಮ್ಮ ಬಾಯಲ್ಲಿ ಬರುವ ಮಾತು ಒಂದೇ: "ಅಕ್ಕಾ, ಇದರ ನಾಲ್ಕು ಬೀಜ ಕೊಡಿ." ಅವರು ಖುಷಿಯಿಂದಲೇ ಕೊಡುತ್ತಾರೆ. ಮರುವರ್ಷ ಬಿತ್ತಿದರೆ ಬರುವುದು ನಾಲ್ಕೈದು ಕಿಲೋದ ಕಾಯಿ. ಆಗ ಮಣ್ಣನ್ನು ಬೈಯುತ್ತೇವೆ, ಗೊಬ್ಬರ ಸಾಲಲಿಲ್ಲ ಅನ್ನುತ್ತೇವೆ, ಕೈಗುಣ ಸರಿಯಿಲ್ಲ ಅಂತಲೂ ಹೇಳುತ್ತೇವೆ. ಬೀಜ ಆರಿಸಿದ ರೀತಿಯಲ್ಲೇ ಕೊರತೆ ಇತ್ತು ಎಂಬುದು ಮಾತ್ರ ಹೊಳೆಯುವುದಿಲ್ಲ.

ದೊಡ್ಡ ಕಾಯಿಯ ಬೀಜವೆಲ್ಲ ದೊಡ್ಡ ಕಾಯಿ ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ, ಹಾಗಾದರೆ ಯಾವ ಬೀಜ ಕೊಡುತ್ತದೆ ಎಂಬುದನ್ನು ಪ್ರಪಂಚದಲ್ಲಿ ತುಂಬ ಶ್ರದ್ಧೆಯಿಂದ ಹುಡುಕಿದವರು ದೈತ್ಯ ಕುಂಬಳ ಬೆಳೆಯುವವರು. ಒಂದೇ ಕಾಯಿ ಒಂದು ಟನ್ನಿಗಿಂತ ಜಾಸ್ತಿ ತೂಗುವಂತೆ ಬೆಳೆಸುವ ಜನ ಅವರು. ಅವರ ಬೀಜವನ್ನೇ ನಾವು ತಂದು ಬಿತ್ತಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಅವರು ಬೀಜ ಆರಿಸುವ ಕ್ರಮ ನಮ್ಮ ಹಿತ್ತಲಿಗೂ ಗದ್ದೆಗೂ ಚೆನ್ನಾಗಿ ಹೊಂದುತ್ತದೆ.

ಅವರ ಚರಿತ್ರೆಯಲ್ಲಿ ಒಂದು ವಿಚಿತ್ರ ಇದೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಜಾಗತಿಕ ಮೇಳಕ್ಕೆ ಕೆನಡಾದ ವಿಲಿಯಂ ವಾರ್ನಾಕ್ ಎಂಬವರು 403 ಪೌಂಡಿನ ಕುಂಬಳ ಒಯ್ದಿದ್ದರು. ನಮ್ಮ ಲೆಕ್ಕದಲ್ಲಿ ಸುಮಾರು 183 ಕಿಲೋ. ಆ ದಾಖಲೆಯನ್ನು 1976ರವರೆಗೆ ಯಾರಿಗೂ ಮುರಿಯಲು ಆಗಲಿಲ್ಲ. ಎಪ್ಪತ್ತು ವರ್ಷಕ್ಕೂ ಮಿಕ್ಕಿ! ಆಮೇಲೆ ನೋಡಿ. 1996ರಲ್ಲಿ 1000 ಪೌಂಡು ದಾಟಿತು. 2012ರಲ್ಲಿ 2000 ಪೌಂಡು ದಾಟಿತು. 2014ರಲ್ಲಿ ಸ್ವಿಟ್ಜರ್ಲೆಂಡಿನ ಬೆನಿ ಮೈಯರ್ ಅವರ ಕಾಯಿ 1054 ಕಿಲೋ ತೂಗಿತು. 2023ರಲ್ಲಿ ಅಮೆರಿಕದ ಮಿನ್ನೆಸೋಟದ ಟ್ರಾವಿಸ್ ಗೀಂಗರ್ ಅವರದ್ದು 1247 ಕಿಲೋ ಮುಟ್ಟಿತು. 2025ರಲ್ಲಿ ಇಂಗ್ಲೆಂಡಿನ ಪೇಟನ್ ಸಹೋದರರ ಕುಂಬಳ ಅದನ್ನೂ ಹಿಂದೆ ಹಾಕಿ 1278 ಕಿಲೋ ದಾಟಿತು.

ಗೊಬ್ಬರ, ನೀರಾವರಿ, ಮಣ್ಣು ಪರೀಕ್ಷೆ ಎಲ್ಲವೂ ಸುಧಾರಿಸಿದ್ದು ನಿಜ. ಆದರೆ ದೊಡ್ಡ ಬದಲಾವಣೆ ಆದದ್ದು ಬೀಜದಲ್ಲಿ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ವಿಂಡ್ಸರ್‌ನಲ್ಲಿ ಹವರ್ಡ್ ಡಿಲ್ ಎಂಬ ರೈತರಿದ್ದರು. ವರ್ಷ ವರ್ಷ ಆಯ್ದ ಬಳ್ಳಿಗಳನ್ನೇ ಒಂದಕ್ಕೊಂದು ಕೂಡಿಸುತ್ತಾ ಅವರು ಕಟ್ಟಿದ ತಳಿಯ ಹೆಸರು 'ಅಟ್ಲಾಂಟಿಕ್ ಜೈಂಟ್'. 1981ರಲ್ಲಿ ಅವರದ್ದೇ ಕಾಯಿ 493.5 ಪೌಂಡು ತೂಗಿ ದಾಖಲೆ ಮಾಡಿತು. ಇವತ್ತು ಸ್ಪರ್ಧೆಯ ಮೈದಾನಕ್ಕೆ ಬರುವ ದೈತ್ಯರೆಲ್ಲ ಹೆಚ್ಚುಕಡಿಮೆ ಇದೇ ತಳಿಯ ಮಕ್ಕಳು, ಮೊಮ್ಮಕ್ಕಳು.

ಆ ಗಿಡದೊಳಗೆ ಬದಲಾದದ್ದು ಏನು ಅಂತ 2015ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರು. ಎಲೆ ಜಾಸ್ತಿ ಚುರುಕಾಗಿ ಸಕ್ಕರೆ ತಯಾರಿಸುತ್ತಿರಬಹುದು ಎಂದುಕೊಂಡರೆ ಹಾಗಿರಲಿಲ್ಲ. ಎಲೆಯ ಸಕ್ಕರೆಯನ್ನು ಕಾಯಿಗೆ ಸಾಗಿಸುವ ನಾಳಗಳ ಪ್ರಮಾಣವೇ ಹೆಚ್ಚಾಗಿತ್ತು. ಅಂದರೆ ಮನುಷ್ಯರು ಹೊರಗಿನಿಂದ ತೂಕ ನೋಡಿ ಆರಿಸುತ್ತಾ ಹೋದರು, ತಮಗೆ ಗೊತ್ತಿಲ್ಲದೆಯೇ ಒಳಗಿನ ನಾಳಗಳನ್ನು ಆರಿಸಿದರು. ಬೀಜದ ಆಯ್ಕೆಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮೊದಲು ಜಾತಿ ಗೊತ್ತಿರಲಿ

ಕುಂಬಳ ಅಂತ ನಾವು ಕರೆಯುವುದರಲ್ಲಿ ಬೇರೆ ಬೇರೆ ಜಾತಿಗಳಿವೆ. ಆಯುಧಪೂಜೆಗೆ ಒಡೆಯುವ ಬೂದುಗುಂಬಳದ ಕುಲವೇ ಬೇರೆ. ಅದಕ್ಕೂ ಸಿಹಿಗುಂಬಳಕ್ಕೂ ಪರಾಗ ಕೂಡುವುದಿಲ್ಲ. ಪಕ್ಕದಲ್ಲೇ ಬೆಳೆದರೂ ಬೆರಕೆಯ ಭಯ ಬೇಡ.

ಸಿಹಿಗುಂಬಳದಲ್ಲಿ ಎರಡನ್ನು ಮುಖ್ಯವಾಗಿ ಗುರುತಿಸಬೇಕು. ದೈತ್ಯ ಕುಂಬಳ ಬರುವುದು 'ಕುಕುರ್ಬಿಟಾ ಮ್ಯಾಕ್ಸಿಮಾ' ಜಾತಿಯಿಂದ. ನಮ್ಮ ಕರಾವಳಿ, ಮಲೆನಾಡಿನ ಹಿತ್ತಲಲ್ಲಿ ತಲೆಮಾರಿನಿಂದ ಹಬ್ಬುತ್ತಿರುವ ಬಳ್ಳಿಗಳು ಹೆಚ್ಚಾಗಿ 'ಕುಕುರ್ಬಿಟಾ ಮೋಸ್ಕಾಟಾ'. ಗುರುತು ಹಿಡಿಯುವುದು ಸುಲಭ. ಕಾಯಿಯ ತೊಟ್ಟು ನೋಡಿ. ಮೋಸ್ಕಾಟಾ ತೊಟ್ಟು ಗಟ್ಟಿ, ಐದು ಮೂಲೆ, ಕಾಯಿಗೆ ಅಂಟುವ ಜಾಗದಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಮ್ಯಾಕ್ಸಿಮಾ ತೊಟ್ಟು ದುಂಡಗೆ, ದಪ್ಪಗೆ, ಬೆಂಡಿನಂತೆ ಮೆತ್ತಗೆ. ಮೋಸ್ಕಾಟಾ ಎಲೆಯ ಮೇಲೆ ಎಷ್ಟೋ ಸಲ ಬಿಳಿ ಮಚ್ಚೆ ಇರುತ್ತದೆ, ಬೀಜದ ಅಂಚು ಒರಟಾಗಿ ಬಣ್ಣ ತಿರುಗಿರುತ್ತದೆ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಜಾತಿಯೇ ಒಂದು ಮಿತಿ ಹಾಕುತ್ತದೆ. ನಮ್ಮ ಮೋಸ್ಕಾಟಾ ಬಳ್ಳಿಯಿಂದ ಹತ್ತು ಹದಿನೈದು ಕಿಲೋದ ಕಾಯಿ ತೆಗೆಯಬಹುದು, ಒಳ್ಳೆಯ ಬೀಜ ಸಿಕ್ಕರೆ ಇನ್ನೂ ಮುಂದೆ ಹೋಗಬಹುದು. ಆದರೆ ಎಷ್ಟೇ ಆರೈಕೆ ಮಾಡಿದರೂ ಅದು ಸಾವಿರ ಕಿಲೋ ಆಗುವುದಿಲ್ಲ. ಹಾಗಂತ ಮ್ಯಾಕ್ಸಿಮಾ ಅಂದ ಕೂಡಲೇ ದೈತ್ಯ ಅಂತಲೂ ಅಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಸೂರ್ಯಮುಖಿ' ಕೂಡ ಮ್ಯಾಕ್ಸಿಮಾ ಜಾತಿಯದ್ದೇ. ಅದರ ಕಾಯಿ ಸುಮಾರು ಒಂದು ಕಿಲೋ. ಹಣ್ಣುನೊಣವನ್ನು ತಡೆಯುವ ಗುಣ ಅದರ ಹೆಚ್ಚುಗಾರಿಕೆ. ಜಾತಿ ಒಂದೇ, ಆರಿಸಿದವರ ಗುರಿ ಬೇರೆ.

ಅಪ್ಪ ಯಾರು?

ಸಂತೆಯ ಕಾಯಿಯ ಬೀಜ ಕೈಕೊಡುವುದಕ್ಕೆ ಮೊದಲ ಕಾರಣ ಇಲ್ಲಿದೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಗಂಡು ಹೂವು ಉದ್ದ ದೇಟಿನ ತುದಿಯಲ್ಲಿ ನಿಲ್ಲುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ಬೆಳಗಿನ ಜಾವ ಅರಳಿದ ಹೂವಿಗೆ ತುಡುವೆ ಜೇನು, ಮಿಸರಿ ಜೇನು ಬಂದು ಪರಾಗ ಮುಟ್ಟಿಸುತ್ತವೆ. ಅವು ಯಾವ ಬಳ್ಳಿಯಿಂದ ಬಂದವು? ನಿಮ್ಮದೇ ಹಿತ್ತಲಿನದ್ದೋ, ನೆರೆಮನೆಯದ್ದೋ, ಹೊಳೆಯಾಚೆಯ ಗದ್ದೆಯದ್ದೋ ಹೇಳಲು ಆಗುವುದಿಲ್ಲ.

ಕಾಯಿ ನೋಡಿದಾಗ ನಮಗೆ ಕಾಣುವುದು ತಾಯಿ ಮಾತ್ರ. ಬೀಜದೊಳಗಿನ ಅರ್ಧ ಗುಣ ತಂದೆಯದ್ದು. ಇನ್ನೊಂದು ಸಂಗತಿ: ಒಂದು ಹೂವಿಗೆ ಹಲವು ಜೇನುಗಳು ಬರುವುದರಿಂದ ಒಂದೇ ಕಾಯಿಯ ಬೀಜಗಳಿಗೆ ಬೇರೆ ಬೇರೆ ತಂದೆಯರು ಇರಬಹುದು. ಒಂದೇ ಕಾಯಿಯ ನಾಲ್ಕು ಬೀಜ ನಾಲ್ಕು ಮನೆಯಲ್ಲಿ ನಾಲ್ಕು ತರಹ ಬಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬ ಹಬ್ಬಿದೆ. ಪಕ್ಕದ ಕೆಟ್ಟ ತಳಿಯ ಪರಾಗ ಬಿದ್ದು ಈ ವರ್ಷದ ಕಾಯಿಯೇ ಸಣ್ಣದಾಯಿತು, ರುಚಿ ಕೆಟ್ಟಿತು ಅನ್ನುತ್ತಾರೆ. ಹಾಗಲ್ಲ. ಕಾಯಿಯ ಸಿಪ್ಪೆ, ತಿರುಳು ಪೂರ್ತಿ ತಾಯಿ ಬಳ್ಳಿಯದ್ದು. ಬೆರಕೆ ಕೂರುವುದು ಬೀಜದಲ್ಲಿ, ಅದು ಹೊರಗೆ ಕಾಣುವುದು ಮುಂದಿನ ವರ್ಷ.

ಅದಕ್ಕೇ ಗಂಭೀರವಾಗಿ ಬೆಳೆಯುವವರು ಪರಾಗವನ್ನು ಜೇನಿಗೆ ಬಿಡುವುದಿಲ್ಲ. ಕೆಲಸ ಕಷ್ಟದ್ದೇನಲ್ಲ. ನಾಳೆ ಅರಳುವ ಹೂವು ಇವತ್ತು ಸಂಜೆಯೇ ತುದಿಯಲ್ಲಿ ಹಳದಿ ತಿರುಗಿರುತ್ತದೆ. ಅಂಥ ಒಂದು ಹೆಣ್ಣು ಹೂವಿನ ಬಾಯಿಯನ್ನು ಬಾಳೆನಾರಿನಿಂದ ಹಗುರವಾಗಿ ಕಟ್ಟಿ. ನೀವು ಆರಿಸಿದ ಬಳ್ಳಿಯ ಎರಡು ಮೂರು ಗಂಡು ಹೂವುಗಳನ್ನೂ ಹಾಗೆಯೇ ಕಟ್ಟಿ. ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಒಳಗಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಎಲ್ಲ ಕಡೆ ಸವರಿ. ಮತ್ತೆ ಬಾಯಿ ಕಟ್ಟಿ. ತೊಟ್ಟಿಗೆ ಒಂದು ಬಣ್ಣದ ದಾರ ಸುತ್ತಿ. ಇಷ್ಟೇ. ಈಗ ಆ ಕಾಯಿಯ ಬೀಜಕ್ಕೆ ತಾಯಿ ಯಾರು, ತಂದೆ ಯಾರು ಎರಡೂ ಗೊತ್ತು.

ಕೈಯಿಂದ ಮಾಡದಿದ್ದರೆ ದೂರ ಇಡಬೇಕು. ನಮ್ಮ ದೇಶದ ಬೀಜ ಪ್ರಮಾಣೀಕರಣದ ನಿಯಮ ಸಿಹಿಗುಂಬಳಕ್ಕೆ ಕೇಳುವ ಅಂತರ ರೈತರ ಬಿತ್ತನೆಗೆ ಹೋಗುವ ಪ್ರಮಾಣಿತ ಬೀಜಕ್ಕೆ 500 ಮೀಟರ್, ಅದನ್ನು ಬೆಳೆಸಲು ಬಳಸುವ ಮೂಲಬೀಜಕ್ಕೆ 1000 ಮೀಟರ್. ಮನೆಗೆ ಮನೆ ತಾಗಿದಂತಿರುವ ನಮ್ಮ ಕರಾವಳಿಯ ಕೇರಿಗಳಲ್ಲಿ ಇದು ಆಗುವ ಮಾತಲ್ಲ. ಬಾಳೆನಾರೇ ವಾಸಿ.

ದೈತ್ಯ ಕುಂಬಳದ ಬೀಜಕ್ಕೆ ಹೆಸರಿಡುವ ಕ್ರಮವೂ ಇದರ ಮೇಲೆಯೇ ನಿಂತಿದೆ. ತೂಕ, ಬೆಳೆದವರ ಹೆಸರು, ವರ್ಷ. ಆಮೇಲೆ ತಾಯಿ ಬಳ್ಳಿ ಯಾವುದು, ಪರಾಗ ಕೊಟ್ಟ ಬಳ್ಳಿ ಯಾವುದು. ಅದೇ ಬಳ್ಳಿಯ ಪರಾಗವನ್ನೇ ಹಾಕಿದ್ದರೆ 'ಸೆಲ್ಫ್' ಎಂದು ಬರೆಯುತ್ತಾರೆ, ಜೇನಿಗೆ ಬಿಟ್ಟಿದ್ದರೆ 'ಓಪನ್' ಎಂದು ಬರೆಯುತ್ತಾರೆ. ಕಾಯಿ ಒಡೆದು ಸ್ಪರ್ಧೆಗೆ ಹೋಗದಿದ್ದರೆ ಅದನ್ನೂ, ತೂಗದೆ ಅಂದಾಜು ಮಾಡಿದ್ದರೆ ಅದನ್ನೂ ಬರೆದಿಡುತ್ತಾರೆ. ಒಂದು ಪುಟ್ಟ ಚೀಟಿಯಲ್ಲಿ ವಂಶಾವಳಿಯೇ ಇರುತ್ತದೆ.

ತೂಕ ಹೇಳದ ಮಾತು

ತಂದೆ ತಾಯಿ ಇಬ್ಬರೂ ಗೊತ್ತಾದರು ಅಂತಿಟ್ಟುಕೊಳ್ಳಿ. ಇಬ್ಬರದ್ದೂ ದೊಡ್ಡ ಕಾಯಿ. ಹಾಗಾದರೆ ಬೀಜ ಒಳ್ಳೆಯದೇ? ಇನ್ನೂ ಹೇಳಲಾಗದು.

ಒಂದು ಕಾಯಿ ದೊಡ್ಡದಾಗಲು ಎರಡು ತರಹದ ಕಾರಣ ಇರುತ್ತದೆ. ಒಂದು ಹುಟ್ಟುಗುಣ. ಇನ್ನೊಂದು ಆ ವರ್ಷದ ಅದೃಷ್ಟ: ಗೊಬ್ಬರಗುಂಡಿಯ ಪಕ್ಕದ ಜಾಗ, ಬಚ್ಚಲ ನೀರು ಹರಿಯುವ ದಾರಿ, ಸರಿಯಾದ ಹೊತ್ತಿಗೆ ಬಿದ್ದ ಒಂದು ಮಳೆ, ಬಳ್ಳಿಯಲ್ಲಿ ಅದೊಂದೇ ಕಾಯಿ ಉಳಿದದ್ದು. ಹುಟ್ಟುಗುಣ ಬೀಜದಲ್ಲಿ ಹೋಗುತ್ತದೆ. ಬಚ್ಚಲ ನೀರು ಬೀಜದಲ್ಲಿ ಹೋಗುವುದಿಲ್ಲ. ಅಸಾಧಾರಣ ಕಾಯಿ ಅಂದರೆ ಸಾಮಾನ್ಯವಾಗಿ ಈ ಎರಡೂ ಒಟ್ಟಿಗೆ ಕೂಡಿ ಬಂದದ್ದು. ಮರುವರ್ಷ ಅದೃಷ್ಟದ ಪಾಲು ಕಳಚಿಕೊಳ್ಳುತ್ತದೆ. ಮಕ್ಕಳು ಸರಾಸರಿಯ ಕಡೆಗೆ ಇಳಿಯುತ್ತವೆ. ಇದು ಕುಂಬಳಕ್ಕೆ ಮಾತ್ರ ಅಲ್ಲ, ಭತ್ತಕ್ಕೂ ಅಡಿಕೆಗೂ ಇರುವ ಸಂಗತಿ.

ಇವೆರಡನ್ನು ಬೇರೆ ಮಾಡಿ ನೋಡುವುದು ಹೇಗೆ? ಹೋರಿಯನ್ನು ನೆನಪಿಸಿಕೊಳ್ಳಿ. ಹೋರಿ ಹಾಲು ಕೊಡುವುದಿಲ್ಲ. ಆದರೂ ಒಳ್ಳೆಯ ಹೋರಿ ಯಾವುದು ಅಂತ ನಮಗೆ ಗೊತ್ತಾಗುತ್ತದೆ, ಅದಕ್ಕೆ ಹುಟ್ಟಿದ ಹೆಣ್ಣುಕರುಗಳು ಹಸುವಾಗಿ ಎಷ್ಟು ಹಾಲು ಕರೆದವು ಎಂದು ನೋಡಿ. ಬೀಜಕ್ಕೂ ಅದೇ ಪರೀಕ್ಷೆ. ಒಂದು ಕಾಯಿಯ ಬೀಜಗಳು ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಮಣ್ಣಿನಲ್ಲಿ ಏನು ಕೊಟ್ಟವು ಎಂದು ನೋಡಬೇಕು.

ದೈತ್ಯ ಕುಂಬಳದ ಲೋಕದಲ್ಲಿ ಇದಕ್ಕೆ ಒಂದು ಹೆಸರುವಾಸಿ ಉದಾಹರಣೆ ಇದೆ. 2015ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮ್ಯಾಕ್‌ಮಲನ್ ಎಂಬವರು 2145 ಪೌಂಡಿನ ಕಾಯಿ ಬೆಳೆದರು. ಆ ಹೊತ್ತಿಗೆ ವಿಶ್ವದಾಖಲೆ ಅದಾಗಲೇ 2323 ಪೌಂಡಿನಲ್ಲಿತ್ತು. ತೂಕದ ಪಟ್ಟಿಯಲ್ಲಿ ಇದು ಮೊದಲನೆಯದಲ್ಲ. ಆದರೆ ಅದರ ಬೀಜ ಬಿತ್ತಿದವರ ಹೊಲಗಳಲ್ಲಿ ಮುಂದಿನ ವರ್ಷಗಳಲ್ಲಿ 2000 ಪೌಂಡು ದಾಟಿದ ಕಾಯಿಗಳು ಒಂದಾದ ಮೇಲೊಂದು ಬಂದವು. ಬೆಳೆಗಾರರು ಆ ಬೀಜವನ್ನು ಹುಡುಕಿಕೊಂಡು ಹೋಗತೊಡಗಿದರು. ಅದಕ್ಕೆ ಬೆಲೆ ಬಂದದ್ದು ತನ್ನ ತೂಕದಿಂದಲ್ಲ, ಮಕ್ಕಳಿಂದ.

ನಮ್ಮ ಮಟ್ಟಕ್ಕೆ ಇಳಿಸಿ ಒಂದು ಲೆಕ್ಕ ಹಾಕೋಣ. ಒಂದು ಕಾಯಿ 22 ಕಿಲೋ. ಅದರ ಬೀಜದಿಂದ ನಾಲ್ಕು ಮನೆಯವರಿಗೆ ಬಂದದ್ದು 6, 5, 19, 7 ಕಿಲೋ. ಇನ್ನೊಂದು ಕಾಯಿ 14 ಕಿಲೋ ಮಾತ್ರ. ಅದರ ಬೀಜದಿಂದ ಬಂದದ್ದು 12, 13, 11, 14. ಫೋಟೋ ತೆಗೆಸಿಕೊಳ್ಳಲು ಮೊದಲನೆಯದು. ಬೀಜಕ್ಕೆ ಎರಡನೆಯದು. ನನ್ನ ಕೇಳಿದರೆ ಕಣ್ಣು ಮುಚ್ಚಿ ಎರಡನೆಯದನ್ನೇ ಆರಿಸುತ್ತೇನೆ. ಅದರ ಗುಣ ನೆಲೆ ನಿಂತಿದೆ. ಅದರ ಮೇಲೆ ಮುಂದಿನ ಆಯ್ಕೆ ಕಟ್ಟಬಹುದು.

ಮಕ್ಕಳ ತೂಕದ ಜೊತೆಗೆ ಇನ್ನೊಂದು ಅಳತೆ ಇದೆ. ಸ್ಪರ್ಧೆಯವರು ಕಾಯಿ ಬಳ್ಳಿಯಲ್ಲಿರುವಾಗಲೇ ಟೇಪು ಹಿಡಿದು ಮೂರು ಅಳತೆ ತೆಗೆಯುತ್ತಾರೆ. ಸುತ್ತಳತೆ ಒಂದು, ತೊಟ್ಟಿನಿಂದ ಹೂವಿನ ತುದಿಯವರೆಗೆ ಮೇಲಿನಿಂದ ಒಂದು, ಅಡ್ಡಕ್ಕೆ ಒಂದು. ಮೂರನ್ನೂ ಕೂಡಿಸಿ ಒಂದು ಕೋಷ್ಟಕದಲ್ಲಿ ನೋಡಿದರೆ ಅಂದಾಜು ತೂಕ ಸಿಗುತ್ತದೆ. ಕೊನೆಗೆ ತಕ್ಕಡಿಯಲ್ಲಿ ಇಟ್ಟಾಗ ಅಂದಾಜಿಗಿಂತ ಜಾಸ್ತಿ ತೂಗಿದರೆ ಆ ಕಾಯಿಯ ಗೋಡೆ ದಪ್ಪ. ಕಡಿಮೆ ತೂಗಿದರೆ ಒಳಗೆ ಟೊಳ್ಳು. ಇಂಥ ದಪ್ಪ ತಿರುಳು ವಂಶದಲ್ಲಿ ಬರುತ್ತದೆ ಎಂದು ಬೆಳೆಗಾರರು ನಂಬಿ ಬೀಜ ಆರಿಸುತ್ತಾರೆ. ನಮಗೆ ಕೋಷ್ಟಕ ಬೇಡ. ಒಂದೇ ಗಾತ್ರದ ಎರಡು ಕಾಯಿ ಎತ್ತಿ ನೋಡಿ, ಭಾರದ್ದರ ಬೀಜ ಇಟ್ಟುಕೊಳ್ಳಿ. ಹುಳಿಗೂ ಪಲ್ಯಕ್ಕೂ ಬೇಕಾದದ್ದು ತಿರುಳೇ ಅಲ್ವಾ?

ನಮ್ಮ ನೆಲಕ್ಕೆ ಯಾವುದು

ಆನ್‌ಲೈನಿನಲ್ಲಿ ದೈತ್ಯ ಕುಂಬಳದ ಬೀಜ ಅಂತ ಬಣ್ಣದ ಚಿತ್ರ ಹಾಕಿ ಮಾರುವ ಪೊಟ್ಟಣಗಳು ಬೇಕಾದಷ್ಟಿವೆ. ಅವುಗಳ ಮೇಲೆ ತಾಯಿಯ ಹೆಸರಿಲ್ಲ, ತಂದೆಯ ಹೆಸರಿಲ್ಲ, ಬೆಳೆದ ವರ್ಷವೂ ಇಲ್ಲ. ಇಷ್ಟೆಲ್ಲ ಓದಿದ ಮೇಲೆ ಅಂಥ ಪೊಟ್ಟಣದ ಬೆಲೆ ಏನು ಎಂದು ನೀವೇ ಹೇಳಬಹುದು. ಹೊರದೇಶದಿಂದ ಅಂಚೆಯಲ್ಲಿ ಸುಮ್ನೆ ತರಿಸುವುದಕ್ಕೂ ಬರುವುದಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬೀಜ ಆಮದಿಗೆ ಪರವಾನಗಿ ಬೇಕು, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇದು ಸುಮ್ಮನೆ ಕಾಗದದ ಕಾಟ ಅಲ್ಲ. ಬೀಜದ ಜೊತೆ ಬರುವ ನಂಜುರೋಗ ಊರಿನ ಎಲ್ಲ ಬಳ್ಳಿಗೂ ಹತ್ತಬಹುದು.

ಸರಿಯಾದ ದಾರಿಯಲ್ಲೇ ಅಟ್ಲಾಂಟಿಕ್ ಜೈಂಟ್ ಸಿಕ್ಕಿತು ಅಂತಿಟ್ಟುಕೊಂಡರೂ ಕಾರವಾರದಲ್ಲಿ ಅದು ಇಂಗ್ಲೆಂಡಿನಲ್ಲಿ ಬಂದಂತೆ ಬರುವುದಿಲ್ಲ. ಕಾರಣ ಬಿಸಿಲು ಮತ್ತು ರಾತ್ರಿ. ದಕ್ಷಿಣ ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ದಾಟುತ್ತದೆ. ಕಾರವಾರದಲ್ಲಿ ವರ್ಷದ ಅತಿ ಉದ್ದದ ಹಗಲೇ ಸುಮಾರು 13 ಗಂಟೆ, ಅದೂ ಮಳೆಮೋಡದ ಜೂನಿನಲ್ಲಿ. ನಾವು ತರಕಾರಿ ಬೆಳೆಯುವ ನವೆಂಬರ್, ಡಿಸೆಂಬರಿನಲ್ಲಿ ಹಗಲು ಹನ್ನೊಂದು ಚಿಲ್ಲರೆ ಗಂಟೆ. ಎಲೆ ಸಕ್ಕರೆ ಮಾಡುವ ಹೊತ್ತೇ ಕಡಿಮೆ. ಮೇಲೆ ನಮ್ಮ ಬೆಚ್ಚಗಿನ ರಾತ್ರಿ. ರಾತ್ರಿ ಬಿಸಿ ಇದ್ದಷ್ಟೂ ಗಿಡ ಹಗಲಿನ ಸಕ್ಕರೆಯನ್ನು ತನ್ನ ಉಸಿರಾಟಕ್ಕೇ ಜಾಸ್ತಿ ಖರ್ಚು ಮಾಡುತ್ತದೆ. ಕಾಯಿಗೆ ಉಳಿಯುವುದು ಕಡಿಮೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಚಳಿಗಾಲದ ರಾತ್ರಿ ತಂಪು. ಮ್ಯಾಕ್ಸಿಮಾ ಪ್ರಯೋಗ ಮಾಡುವ ಆಸೆ ಇದ್ದವರು ಅಲ್ಲಿ ಮಾಡಲಿ. ಕೆಳಗೆ ಕರಾವಳಿಯಲ್ಲಿ ಶೆಕೆ ತಡೆಯುವ ಮೋಸ್ಕಾಟಾದಲ್ಲೇ ದೊಡ್ಡದನ್ನು ಹುಡುಕುವುದು ಸರಿ ಅನ್ನುವುದು ನನ್ನ ಅಭಿಪ್ರಾಯ.

ಹಂಗಾಮಿನಲ್ಲೂ ಒಂದು ಗುಟ್ಟಿದೆ. ಉದ್ದ ಹಗಲು, ಹೆಚ್ಚು ಶೆಕೆ ಇದ್ದರೆ ಕುಂಬಳದ ಬಳ್ಳಿ ಗಂಡು ಹೂವೇ ಜಾಸ್ತಿ ಬಿಡುತ್ತದೆ. ಗಿಡ್ಡ ಹಗಲು, ತಂಪು ರಾತ್ರಿ ಬಂದಾಗ ಹೆಣ್ಣು ಹೂವು ಹೆಚ್ಚುತ್ತದೆ. ಭತ್ತ ಕೊಯ್ದ ಗದ್ದೆಯಲ್ಲಿ ನವೆಂಬರಿನಲ್ಲಿ ಬಿತ್ತುವ ಕರಾವಳಿಯ ರೂಢಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೈಯಿಂದ ಪರಾಗ ಹಾಕುವವರಿಗಂತೂ ಮಳೆಯಿಲ್ಲದ ಬೆಳಗು ಬೇಕೇ ಬೇಕು. ನೀರು ತಾಗಿದ ಪರಾಗ ಕೆಲಸಕ್ಕೆ ಬರುವುದಿಲ್ಲ.

ಒಳ್ಳೆಯ ಸ್ಥಳೀಯ ಬೀಜ ಹುಡುಕಲು ದೂರ ಹೋಗಬೇಕಿಲ್ಲ. ಶಿರಸಿಯ ವನಸ್ತ್ರೀ ಸಂಘಟನೆಯ ಹೆಂಗಸರು ಮಲೆನಾಡಿನ ಹಿತ್ತಲ ತರಕಾರಿ ಬೀಜಗಳನ್ನು ಉಳಿಸಿ ಹಂಚುವ ಕೆಲಸ ಮಾಡುತ್ತಾ ಬಂದಿದ್ದಾರೆ. ಊರಿನ ಹಿರಿಯ ಹೆಂಗಸರ ಡಬ್ಬಿಗಳಲ್ಲೂ ಒಳ್ಳೆಯ ಬೀಜ ಇರುತ್ತದೆ. ಅವರನ್ನು ಕೇಳುವಾಗ "ದೊಡ್ಡ ಕಾಯಿಯದ್ದು ಇದೆಯಾ" ಎಂದಷ್ಟೇ ಕೇಳಬೇಡಿ. "ಈ ಬೀಜ ಎಷ್ಟು ವರ್ಷದಿಂದ ನಿಮ್ಮಲ್ಲಿದೆ? ಪ್ರತಿ ವರ್ಷ ಎಷ್ಟು ದೊಡ್ಡ ಕಾಯಿ ಬರುತ್ತದೆ? ತೀರಾ ಸಣ್ಣದು ಬಂದದ್ದು ಎಷ್ಟು?" ಎಂದು ಕೇಳಿ. ಕೊನೆಯ ಪ್ರಶ್ನೆಯ ಉತ್ತರದಲ್ಲಿ ಬೀಜದ ಗುಣ ಗೊತ್ತಾಗುತ್ತದೆ.

ಆದರೆ ಒಂದನ್ನು ಗಮನದಲ್ಲಿಡಬೇಕು. ನಮ್ಮ ಅಜ್ಜಿಯರು ಬೀಜ ಆರಿಸಿದ್ದು ಗಾತ್ರಕ್ಕಲ್ಲ, ಬಾಳಿಕೆಗೆ. ಬೇಸಿಗೆಯಲ್ಲಿ ಕೊಯ್ದ ಕುಂಬಳ ಅಟ್ಟದ ಮೇಲೆ ಕೂತು ಶ್ರಾವಣದವರೆಗೂ ಕೊಳೆಯದೆ ಇರಬೇಕಿತ್ತು. ಹೊರಗೆ ಬಿಡದೆ ಮಳೆ ಹೊಡೆಯುವಾಗ ಮನೆಯಲ್ಲಿದ್ದ ತರಕಾರಿ ಅದು. ಮಳೆಗಾಲ ದಾಟಿದ ಕಾಯಿಯ ಬೀಜವೇ ಮುಂದಿನ ಬಿತ್ತನೆಗೆ ಹೋಗುತ್ತಿತ್ತು. ಗಟ್ಟಿ ಸಿಪ್ಪೆ, ಒಣ ತೊಟ್ಟು, ಮಧ್ಯಮ ಗಾತ್ರ ಹೀಗೆ ಬಂದ ಗುಣಗಳು. ದೈತ್ಯ ಕುಂಬಳದ್ದು ಇದಕ್ಕೆ ಪೂರ್ತಿ ಉಲ್ಟಾ. ಅದು ದಿನಕ್ಕೆ ಇಪ್ಪತ್ತು ಕಿಲೋದಷ್ಟು ಉಬ್ಬಬಲ್ಲದು, ಉಬ್ಬುವ ಭರದಲ್ಲಿ ಸೀಳಿಕೊಳ್ಳುತ್ತದೆ, ಸೀಳು ಒಳಗಿನ ಹೊಟ್ಟೆಯವರೆಗೆ ಹೋದರೆ ಸ್ಪರ್ಧೆಯಿಂದ ಹೊರಗೆ. ಬಾಳಿಕೆಯ ಲೆಕ್ಕ ಅದಕ್ಕಿಲ್ಲ. ಆದ್ದರಿಂದ ದೊಡ್ಡದನ್ನು ಆರಿಸಲು ಹೊರಟವರು ಹಳೆಯ ಬೀಜವನ್ನು ಬೇರೆ ಡಬ್ಬಿಯಲ್ಲಿ ಹಾಗೆಯೇ ಕಾಪಾಡಿಕೊಳ್ಳಿ. ಅದನ್ನು ಬೆರಕೆಯಲ್ಲಿ ಕಳೆದುಕೊಂಡರೆ ಮತ್ತೆ ಕಟ್ಟಲು ತಲೆಮಾರು ಬೇಕು.

ಅಂಗಡಿಯ ಹೈಬ್ರಿಡ್ ಬೀಜದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ವರ್ಷ ಬೆಳೆಯಲು ಚೆನ್ನಾಗಿದೆ. ಅದರ ಕಾಯಿಯಿಂದ ಬೀಜ ಇಟ್ಟರೆ ಮುಂದಿನ ಪೀಳಿಗೆ ನಾನಾ ತರಹ ಒಡೆದು ಬರುತ್ತದೆ.

ಕೈಯಲ್ಲಿ ಹಿಡಿದ ಬೀಜ

ದೊಡ್ಡ ಬೀಜದಿಂದ ದೊಡ್ಡ ಕಾಯಿ ಬರುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ತುಂಬಿದ ಬೀಜದಲ್ಲಿ ಆಹಾರ ಜಾಸ್ತಿ ಇರುವುದರಿಂದ ಸಸಿ ಬಲವಾಗಿ ಏಳುತ್ತದೆ. ವಂಶದ ಗುಣಕ್ಕೂ ಬೀಜದ ಗಾತ್ರಕ್ಕೂ ಅದರಾಚೆ ಸಂಬಂಧ ಇಲ್ಲ. ಒಂದೇ ಕಾಯಿಯ ಬೀಜಗಳಲ್ಲಿ ಆರಿಸುವಾಗ ತುಂಬಿದ್ದನ್ನು ಆರಿಸಿ. ಎರಡು ಬೆರಳಲ್ಲಿ ಒತ್ತಿ ನೋಡಿ. ಜೊಳ್ಳು ಬೀಜ ತಗ್ಗುತ್ತದೆ. ಒಣಗಿದ ಬೀಜವನ್ನು ನೀರಿಗೆ ಹಾಕಿ ತೇಲಿದ್ದನ್ನು ಎಸೆಯುವುದು ಕುಂಬಳಕ್ಕೆ ಬೇಡ. ಸಿಪ್ಪೆಯೊಳಗೆ ಗಾಳಿ ಇರುವುದರಿಂದ ಒಳ್ಳೆಯ ಬೀಜವೂ ತೇಲುತ್ತದೆ.

ಕಾಯಿ ಕೊಯ್ದ ದಿನವೇ ಬೀಜ ತೆಗೆಯಬೇಡಿ. ಮೂರ್ನಾಲ್ಕು ವಾರ ನೆರಳಲ್ಲಿಟ್ಟರೆ ಬೀಜ ಒಳಗೇ ಇನ್ನಷ್ಟು ಬಲಿಯುತ್ತದೆ. ಎಲೆ ಸುರುಟಿ ಹಳದಿ ಚುಕ್ಕೆ ಹಿಡಿದ ಬಳ್ಳಿಯ ಕಾಯಿ ಎಷ್ಟೇ ದೊಡ್ಡದಿದ್ದರೂ ಬೀಜಕ್ಕೆ ಬೇಡ. ಕೆಲವು ನಂಜುರೋಗಗಳು ಬೀಜದಲ್ಲೇ ಮುಂದೆ ಹೋಗುತ್ತವೆ.

ನಮ್ಮ ಕಡೆ ಬೀಜದ ದೊಡ್ಡ ಶತ್ರು ಮಳೆಗಾಲದ ತೇವ. ಪ್ರಮಾಣಿತ ಬೀಜದಲ್ಲಿ ತೇವಾಂಶ ನೂರಕ್ಕೆ 7ಕ್ಕಿಂತ ಜಾಸ್ತಿ ಇರಬಾರದು ಎನ್ನುತ್ತದೆ ನಿಯಮ. ಜುಲೈ ತಿಂಗಳ ಕುಮಟಾದ ಗಾಳಿಯಲ್ಲಿ ತೆರೆದಿಟ್ಟ ಬೀಜ ಅಷ್ಟು ಒಣಗಿರಲು ಸಾಧ್ಯವೇ ಇಲ್ಲ. ಹಿಂದಿನವರು ಬೀಜಕ್ಕೆ ಬೂದಿ ಹಚ್ಚಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು. ಹೊಗೆ, ಬಿಸಿ, ಬೂದಿ ಮೂರೂ ತೇವ ಹೀರುವ, ಹುಳ ತಡೆಯುವ ಉಪಾಯ. ಈಗ ಗ್ಯಾಸ್ ಒಲೆಯ ಮನೆಗಳಲ್ಲಿ ಆ ಅಟ್ಟ ಇಲ್ಲ. ಮೇ ತಿಂಗಳಲ್ಲಿ ನೆರಳಲ್ಲಿ ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತಳಕ್ಕೆ ಒಣ ಬೂದಿ ಹಾಕಿ ತುಂಬಿಡಿ. ಹೀಗಿಟ್ಟ ಕುಂಬಳದ ಬೀಜ ನಾಲ್ಕು ವರ್ಷ ಮೊಳೆಯುವ ಶಕ್ತಿ ಉಳಿಸಿಕೊಳ್ಳುತ್ತದೆ.

ಈ ನಾಲ್ಕು ವರ್ಷವೇ ನಮಗೆ ಬೇಕಾದದ್ದು. ಒಂದು ಕಾಯಿಯಲ್ಲಿ ನೂರಾರು ಬೀಜ ಇರುತ್ತದೆ. ಎಲ್ಲವನ್ನೂ ಒಂದೇ ವರ್ಷ ಬಿತ್ತಿ, ಹಂಚಿ ಮುಗಿಸಬೇಡಿ. ಮೂರು ಬೇರೆ ಬೇರೆ ತಾಯಿಕಾಯಿ ಆರಿಸಿ, ಪ್ರತಿಯೊಂದರಿಂದ ನಾಲ್ಕು ನಾಲ್ಕು ಬೀಜ ಮಾತ್ರ ಬಿತ್ತಿ. ಒಂದು ತಾಯಿಯ ನಾಲ್ಕನ್ನೂ ಗೊಬ್ಬರಗುಂಡಿಯ ಬದಿಗೆ, ಇನ್ನೊಂದರ ನಾಲ್ಕನ್ನು ಕಲ್ಲುನೆಲಕ್ಕೆ ಹಾಕಿದರೆ ಪರೀಕ್ಷೆ ಕೆಟ್ಟಂತೆ. ಸಾಲಿನಲ್ಲಿ ಒಂದಾದ ಮೇಲೊಂದು ಬೆರೆಸಿ ನೆಡಿ. ಗುಂಡಿ, ಗೊಬ್ಬರ, ನೀರು ಎಲ್ಲಕ್ಕೂ ಒಂದೇ ಅಳತೆ. ಬಳ್ಳಿಗೆ ಒಂದೇ ಕಾಯಿ ಬಿಡಿ, ಅದಕ್ಕೆ ಕೈಯಿಂದಲೇ ಪರಾಗ ಹಾಕಿ. ಮಾರ್ಚ್, ಏಪ್ರಿಲಿನಲ್ಲಿ ಕೊಯ್ದಾಗ ಹನ್ನೆರಡನ್ನೂ ತೂಗಿ, ಯಾವ ತಾಯಿಯ ಮಕ್ಕಳು ಎಷ್ಟೆಷ್ಟು ಎಂದು ಬರೆಯಿರಿ. ಯಾವ ತಾಯಿಯ ನಾಲ್ಕೂ ಮಕ್ಕಳು ಚೆನ್ನಾಗಿ ಬಂದವೋ ಅವುಗಳ ಬೀಜ ಇಡಿ. ಆ ತಾಯಿಯ ಉಳಿದ ಬೀಜದ ಬಾಟಲಿಯನ್ನು ಬೇರೆ ಎತ್ತಿಡಿ. ಅದು ಪರೀಕ್ಷೆಯಲ್ಲಿ ಗೆದ್ದ ಬೀಜ, ಬರುವ ನವೆಂಬರಿನಲ್ಲಿ ಗದ್ದೆಗೆ ಹೋಗಬೇಕಾದದ್ದು ಅದೇ. ಸೋತ ತಾಯಿಯ ಬೀಜವನ್ನು ಹುರಿದು ಉಪ್ಪು ಹಾಕಿ ತಿನ್ನಬಹುದು. ಬಾಟಲಿಯ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಒಳಗೇ ಹಾಕಿ. ಹೊರಗೆ ಅಂಟಿಸಿದ್ದು ಆಷಾಢದ ತೇವಕ್ಕೆ ಕಳಚಿ ಬೀಳುತ್ತದೆ, ಪೆನ್ನಿನ ಶಾಯಿ ಹರಡುತ್ತದೆ.